ನಾಲ್ಕನೇ ಸೀಟು

ರೇ ರೋಡಿನಲ್ಲಿ ಹತ್ತುತ್ತಿದ್ದೆ ದಿನಾ,
ದಾರುಖಾನೆಯಲ್ಲಿ ಹಡಗು ಒಡೆಯುವ ಸದ್ದು ಕಿವಿಯಲ್ಲೇ ಇರುತ್ತಿತ್ತು.
ಒಳಗೆ ಜಾಗ ಇದ್ದರೂ ಬಾಗಿಲಲ್ಲೇ ನಿಲ್ಲುವವನು.
ಕಂಬ ಬಂದರೆ ಒಳಗೆ, ಕಂಬ ದಾಟಿದರೆ ಹೊರಗೆ,
ಒಂದು ಕೈ ಸರಳಿಗೆ, ಉಳಿದ ಮೈಯೆಲ್ಲ ಗಾಳಿಗೆ.
ಅವ್ವ ಬೈಯುತ್ತಿದ್ದಳು: "ಒಳಗ ನಿಂದರಾಕ ಏನ್ ಧಾಡಿ ನಿನಗ?"

ಅದು ತಾಲೀಮು ಅಂತ ಯಾರಿಗೆ ಗೊತ್ತಿತ್ತು?
ನನಗೂ ಇರಲಿಲ್ಲ.

ವಿಂಗರ್ ಅಂದರೆ ಅಂಚಿನವನು. ನನ್ನ ಬೆನ್ನಿಗೆ ಐದು.
ನಡುವೆ ಗುದ್ದಾಟ: ಹಿಡಿ, ಕೆಡವು, ಏಳು,
ಚೆಂಡನ್ನು ಕಾಲಿನಿಂದ ಹಿಂದಕ್ಕೆ ತಳ್ಳು,
ಆರು ಸಲ ಸಿಕ್ಕಿಬಿದ್ದರೆ ಚೆಂಡು ಅವರ ಪಾಲು.
ನಾನು ಸುಣ್ಣದ ಗೆರೆಗೆ ಆತುಕೊಂಡು ದೂರದಲ್ಲಿ,
ಪಂಕ್ತಿ ತುಂಬಿದ ಮೇಲೆ ಬಂದ ನೆಂಟನ ಹಾಗೆ.
ಕೈ ಎತ್ತಿ ಕೂಗುತ್ತಿದ್ದೆ, ಇಲ್ಲಿ ಜಾಗ ಇದೆ, ಇಲ್ಲಿ,
ಮೊದಲು ಮರಾಠಿಯಲ್ಲಿ, ಆಮೇಲೆ ಹಿಂದಿಯಲ್ಲಿ,
ಸಿಟ್ಟು ಬಂದರೆ ಕನ್ನಡದಲ್ಲಿ.
ಕನ್ನಡ ತಿಳಿಯುವವರು ಆ ಹದಿಮೂರರಲ್ಲಿ ನಾನೊಬ್ಬನೇ.

ಕ್ಲಬ್ಬಿನವರು ಸಹಿ ಹಾಕಿಸಿಕೊಂಡ ದಿನ ಅಪ್ಪ ಕೇಳಿದ:
"ಓಡಿದ್ದಕ್ಕ ಪಗಾರ ಕೊಡ್ತಾರ?
ಪೊಲೀಸ್ರು ಬೆನ್ನು ಹತ್ತಿದಾಗ ನಾವೂ ಓಡೀವಿ.
ಒಬ್ಬಾಂವರೆ ಒಂದು ರೂಪಾಯಿ ಕೊಟ್ಟನೇನು?"
ಮೊದಲ ಪಗಾರಕ್ಕೆ ಕುಕ್ಕರು, ಮೊಳೆಯ ಬೂಟು,
ಮಳೆಗೆ ಮುಂಚೆ ಸೂರಿಗೆ ಹೊಸ ತಾಡಪತ್ರಿ.

ಯಮನೂರಪ್ಪ ಹೊಸಮನಿ ಅನ್ನುವ ಹೆಸರು
ಮೈಕಿನವನ ಬಾಯಲ್ಲಿ ಏಳು ಸೀಸನ್ನೂ ನೆಟ್ಟಗಾಗಲಿಲ್ಲ.
'ಯಮ' ಅನ್ನುತ್ತಿದ್ದ. ಜನ ನಗುತ್ತಿದ್ದರು. ನನಗೂ ರೂಢಿಯಾಯಿತು.

ತೊಂಬತ್ತೊಂದು ಆಟ. ವಿಡಿಯೊ ನೋಡುವ ಫಿರ್ದೋಸ್
ಕೂತು ಲೆಕ್ಕ ಹಾಕಿ ಹೇಳಿದ ಒಂದು ಸಂಜೆ:
ಚೆಂಡು ನನ್ನ ಕೈಯಲ್ಲಿ ಇದ್ದದ್ದು ಒಟ್ಟು ಐವತ್ತೆರಡು ನಿಮಿಷ.
ಸಿಎಸ್‌ಟಿಯಿಂದ ವಾಶಿಗೆ ಹೋಗುವಷ್ಟು ಹೊತ್ತು.
ಹಾಗಾದರೆ ಪಗಾರ ಕೊಟ್ಟದ್ದು ಕಾದದ್ದಕ್ಕೆ.

ಆ ಐವತ್ತೆರಡರಲ್ಲಿ ಒಂದು ಕ್ಷಣ ಮಾತ್ರ ಯಾರಿಗೂ ಕೊಡೆ.
ಕುಲಾಬಾದ ಮೈದಾನ, ಮೂಲೆಯ ಬಾವುಟ, ಇಬ್ಬರು ಮೇಲೆ ಬಿದ್ದಿದ್ದಾರೆ.
ಗೆರೆ ತುಳಿದೆಯೋ ಸತ್ತೆ.
ಗೆರೆಯ ಮೇಲಿನ ಗಾಳಿ ಮಾತ್ರ ಯಾರಪ್ಪನದೂ ಅಲ್ಲ.
ನೆಗೆದೆ. ಕಾಲು, ಸೊಂಟ, ತಲೆ ಎಲ್ಲವೂ ಹೊರಗೆ ತೇಲುತ್ತಿದ್ದವು,
ಬಲಗೈಯೊಂದೇ ಒಳಗೆ, ಚೆಂಡು ಹಿಡಿದು.
ಆಗ ಕಂಡದ್ದು, ನಂಬಿದರೆ ನಂಬಿ,
ಕಾಟನ್ ಗ್ರೀನ್ ಹತ್ತಿರದ ಆ ಹಳೇ ಕಂಬ.
ಚೆಂಡು ಮೊದಲು ಹುಲ್ಲಿಗೆ ತಾಗಿತು. ಆಮೇಲೆ ನಾನು ಸುಣ್ಣಕ್ಕೆ.

ಮೊಣಕಾಲು ಹೋದದ್ದು ಆಟದಲ್ಲೂ ಅಲ್ಲ.
ಮೈ ಬಿಸಿ ಮಾಡಿಕೊಳ್ಳುವಾಗ, ಯಾರೂ ನೋಡದಾಗ.
ಐದನೇ ನಂಬರು ವಸಯಿಯ ಜೊವಿನ್ ಡಾಬ್ರೆಗೆ ಹೋಯಿತು.
ಒಳ್ಳೆ ಹುಡುಗ. ಕೇಳಿದ:
"ಚೆಂಡು ಬಾರದೆ ನಿಂತಾಗ ಏನು ಯೋಚಿಸ್ತಿದ್ದೆ, ದಾದಾ?"
ಗಾಳಿ ಯಾವ ಕಡೆ ಅಂತ, ಎಂದೆ.
ಯೋಚಿಸುತ್ತಿದ್ದದ್ದು ಖೋಲಿ ಬಾಡಿಗೆ.

ಈಗ ಚೆಂಬೂರಿನ ಜಿಮ್ಮಿನಿಂದ ರಾತ್ರಿ ಗಾಡಿ.
ಡಾಕ್ಟರು ಬಾಗಿಲು ಬೇಡ ಅಂದಿದ್ದಾರೆ.
ಮೂವರು ಕೂತಲ್ಲಿಗೆ ಹೋಗಿ "ಜರಾ ಸರಕೋ" ಅಂತೀನಿ,
ಮುಖ ಗಂಟಿಕ್ಕಿ ಅಂಗೈ ಅಗಲ ಸರಿಯುತ್ತಾರೆ.
ಅರ್ಧ ಕುಂಡೆ ಹಲಗೆಗೆ, ಅರ್ಧ ಗಾಳಿಗೆ.
ಎಡಗಾಲು ಮಡಚಲು ಬಾರದು, ಹಾದಿಗೇ ಚಾಚಬೇಕು.
ಶಿವಡಿಯಲ್ಲಿ ಹತ್ತಿದ ಕಡಲೆ ಮಾರುವವನು
"ಪಾಯ್ ಘೇ ರೇ" ಅಂತ ಎಡವುತ್ತಾನೆ.
ಎಳೆದುಕೊಳ್ಳುತ್ತೇನೆ. ಅವನು ದಾಟಿದ ಮೇಲೆ ಮತ್ತೆ ಚಾಚುತ್ತೇನೆ.

ಕಾಟನ್ ಗ್ರೀನ್ ಬಂತು. ಬಾಗಿಲಲ್ಲೊಬ್ಬ ಹುಡುಗ,
ಕಂಬ ಕಂಡು ಮೈ ಒಳಗೆ ಎಳೆದುಕೊಂಡ.
ಸ್ವಲ್ಪ ಬೇಗ ಎಳೆದುಕೊಂಡ ಅನ್ನಿಸಿತು.